ನಾಲ್ಕನೆಯ ರೀಲು

೬ ನವೆಂಬರ್ ೧೯೭೮, ಸೋಮವಾರ

ಕನ್ನಡದಲ್ಲಿ ತಪ್ಪಿಲ್ಲದೆ ಹತ್ತು ಸಾಲು ಬರೆಯುವುದು ನನ್ನಿಂದಾಗದು ಎಂದು ಜಗನ್ನಾಥ ನಗೆಯಾಡಿದ ದಿನವೇ ಈ ನೋಟುಬುಕ್ಕು ತಂದೆ. ಬಳ್ಳಾರಿಯ ಕಾನ್ವೆಂಟಿನಲ್ಲಿ ಕನ್ನಡ ಆಡಿದರೆ ಸಿಸ್ಟರ್ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಅದಕ್ಕೆ ಸೇಡೆಂಬಂತೆ ನಮ್ಮಜ್ಜ ದಿನವೂ ಊಟಕ್ಕೆ ಮುಂಚೆ ಒಂದು ಪುಟ ಕನ್ನಡ ಬರೆಸುತ್ತಿದ್ದರು. ಅದು ಜಗನ್ನಾಥನಿಗೆ ಗೊತ್ತಿಲ್ಲ. ಮದುವೆಯಾಗಿ ಐದು ತಿಂಗಳಾದರೂ ಅವನಿಗೆ ಗೊತ್ತಿಲ್ಲದ ಸಂಗತಿಗಳು ನನ್ನಲ್ಲಿ ಇನ್ನೂ ಎಷ್ಟೋ ಇವೆ ಎಂಬುದೇ ನನಗೆ ದೊಡ್ಡ ಸಂಭ್ರಮ.

ಇಂದು ಮದ್ರಾಸಿನ ಚಿತ್ರಸಂಸ್ಥೆಯೊಂದರಿಂದ ರೈಲಿನ ಪಾರ್ಸೆಲ್ಲಿನಲ್ಲಿ ಸಿನಿಮಾ ಬಂತು. ಜೆಕೊಸ್ಲೊವಾಕಿಯಾ ದೇಶದ್ದು. ಆರು ತಗಡಿನ ಡಬ್ಬಿಗಳು, ಒಂದೊಂದೂ ಹೋಳಿಗೆ ಬೇಯಿಸುವ ಹೆಂಚಿನಷ್ಟು ಅಗಲ. ಪ್ರಾಗಿನಲ್ಲಿ ಹುಟ್ಟಿದ ವಸ್ತುವೊಂದು ರಾಯಚೂರಿನ ಕೋಟೆಗೋಡೆಯ ಹಿಂದಿನ ನಮ್ಮ ಓಣಿಗೆ, ಹತ್ತಿಯ ಗಾಡಿಗಳ ನಡುವೆ ಟಾಂಗಾದಲ್ಲಿ ಕುಳಿತು ಬಂತು. ನಾನು ಬಾಗಿಲಲ್ಲಿ ನಿಂತು ಅದನ್ನು ಬೀಗರನ್ನು ಎದುರುಗೊಳ್ಳುವಂತೆ ಎದುರುಗೊಂಡೆ.

ಈ ಊರಿನ ಫಿಲ್ಮ್ ಸೊಸೈಟಿ ಎಂದರೆ ಮೂವರು ಗೆಳೆಯರು. ಕಾರ್ಯದರ್ಶಿ ಜಗನ್ನಾಥ, ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟ್ರು. ಮೀರಾಹುಸೇನ, ಸ್ಟೇಷನ್ ರಸ್ತೆಯಲ್ಲಿ ಬೋರ್ಡು ಬರೆಯುವ ಪೇಂಟರ್, ನಮ್ಮ ಪೋಸ್ಟರುಗಳೂ ಅವನವೇ. ಮೂರನೆಯವರು ಉರುಕುಂದಪ್ಪನವರು. ಹಳ್ಳಿಹಳ್ಳಿಗೆ ಜೀಪಿನಲ್ಲಿ ಹೋಗಿ ಸರಕಾರದ ಚಿತ್ರಗಳನ್ನು ತೋರಿಸುವ ಕಚೇರಿಯೊಂದರಲ್ಲಿ ಪ್ರೊಜೆಕ್ಟರ್ ಆಪರೇಟರ್. ಸಾಹೇಬರ ಒಪ್ಪಿಗೆ ಪಡೆದು ಮೆಷಿನ್ ತರುವವರು ಅವರೇ. ಅವರಿಲ್ಲದಿದ್ದರೆ ಸೊಸೈಟಿ ಬರೀ ಮಾತಿನ ಸೊಸೈಟಿ.

ಚಿತ್ರದ ಮೇಲೆ ಇಂಗ್ಲಿಷ್ ಅಕ್ಷರಗಳು ಬರುವುದಿಲ್ಲವಂತೆ. ಮಾತುಗಳನ್ನೆಲ್ಲ ಇಂಗ್ಲಿಷಿನಲ್ಲಿ ಟೈಪು ಮಾಡಿದ ಹಾಳೆಗಳ ಕಟ್ಟೊಂದು ಜೊತೆಗೆ ಬಂದಿದೆ. ಅದನ್ನು ನೋಡಿಕೊಂಡು ಯಾರಾದರೂ ಮೈಕಿನಲ್ಲಿ ಕನ್ನಡದಲ್ಲಿ ಹೇಳುತ್ತಾ ಹೋಗಬೇಕು.

"ಹೇಳ್ಲಿಕ್ಕೆ ಯಾರಿದ್ದಾರ?" ಎಂದು ಜಗನ್ನಾಥ ಸೂರು ನೋಡುತ್ತಾ ಕೇಳಿದ.

"ಮನ್ಯಾಗ ಕಾನ್ವೆಂಟ್ ಇಟ್ಟುಕೊಂಡು ಊರೆಲ್ಲಾ ಹುಡುಕ್ತೀಯಲ್ಲೋ," ಎಂದ ಮೀರಾಹುಸೇನ.

ಉರುಕುಂದಪ್ಪನವರು ಹೊರಗಿನ ಕಟ್ಟೆಯ ಮೇಲಿಂದಲೇ, "ಅಕ್ಕಾರೇ ಹೇಳಲ್ರಿ. ಗಂಡಸರು ಹೇಳಿದ್ರ ಮಂದಿ ನಿದ್ದಿ ಮಾಡ್ತಾರ," ಎಂದರು. ಅವರು ಯಾವಾಗಲೂ ಕಟ್ಟೆಯ ಮೇಲೆಯೇ ಕೂಡುತ್ತಾರೆ. ಒಳಗೆ ಬನ್ನಿ ಎಂದು ಎರಡು ಸಲ ಕರೆದೆ. "ಇಲ್ಲೇ ಗಾಳಿ ಚಲೋ ಅದ್ರಿ," ಎಂದರು.

೧೧ ನವೆಂಬರ್, ಶನಿವಾರ

ಹೇಳಿದೆ. ಹೇಳಿಯೇಬಿಟ್ಟೆ. ಕಾಲೇಜಿನ ಹಾಲಿನಲ್ಲಿ ನೂರಿಪ್ಪತ್ತು ಜನರ ಮುಂದೆ, ಪ್ರೊಜೆಕ್ಟರಿನ ಪಕ್ಕದಲ್ಲಿ ಸ್ಟೂಲಿನ ಮೇಲೆ ಕುಳಿತು.

ಮೊದಲನೆಯ ರೀಲು ಮುಗಿದಾಗ ಮೀರಾಹುಸೇನ ಬಂದು ಕಿವಿಯಲ್ಲಿ, "ಭಾಬಿ, ರೇಡಿಯೋ ವಾರ್ತಾ ಓದಿದಂಗ ಆಗ್ಲಿಕತ್ತದ. ಸ್ವಲ್ಪ ಬೈರಿ. ಅವರು ಬೈದಾಡ್ಲಿಕತ್ತಾರ ನೋಡ್ರಿ," ಎಂದ. ಎರಡನೆಯ ರೀಲಿನಿಂದ ನಾನು ಬೈಯತೊಡಗಿದೆ. ಹಾಲಿನಲ್ಲಿದ್ದವರೆಲ್ಲ ಎದ್ದು ಕುಳಿತರು.

ಎಂಥ ಚಿತ್ರ. ಒಂದು ಸಣ್ಣ ಊರಿನ ಬ್ಯಾಂಡಿನ ಮೂವರು ಗೆಳೆಯರು: ಡೋಲಿನವನು ದಪ್ಪ, ತುತ್ತೂರಿಯವನು ಶಾಲೆಯ ಮೇಷ್ಟ್ರು, ಕ್ಲಾರಿಯೊನೆಟ್ಟಿನವನು ಸಣಕಲ. ಊರಿನ ದೊಡ್ಡ ಮನುಷ್ಯನೊಬ್ಬ ಸತ್ತು, ಶವಪೆಟ್ಟಿಗೆಯನ್ನು ಗಾಡಿಯಲ್ಲಿ ಒಯ್ಯುವ ಕೆಲಸ ಇವರ ಪಾಲಿಗೆ ಬರುತ್ತದೆ. ಸೇತುವೆಯ ಮೇಲೆ ಜಗಳವಾಡುತ್ತಾರೆ, ಪೆಟ್ಟಿಗೆ ಜಾರಿ ಹೊಳೆಗೆ ಬೀಳುತ್ತದೆ. ಹೆದರಿದ ಮೂವರೂ ಇನ್ನೊಂದು ಪೆಟ್ಟಿಗೆಯಲ್ಲಿ ಬೀಟ್‌ರೂಟ್ ಗಡ್ಡೆಗಳನ್ನು ತುಂಬಿ, ಅಳುತ್ತಾ ಬಾರಿಸುತ್ತಾ ಹೂಳಿ ಬರುತ್ತಾರೆ. ಆಮೇಲೆ ವಿಧವೆಗೆ ಗಂಡನ ಬೆರಳಿನ ಉಂಗುರ ನೆನಪಾಗಿ ಪೆಟ್ಟಿಗೆಯನ್ನು ಅಗೆಸುತ್ತಾಳೆ, ಗುಟ್ಟು ಬಯಲಾಗುತ್ತದೆ. ನಾಲ್ಕನೆಯ ರೀಲಿನಲ್ಲಿ ದಪ್ಪನವನೂ ಮೇಷ್ಟ್ರೂ ಸೇರಿ ಸಣಕಲನ ಟೋಪಿಯನ್ನು ಮೆಲ್ಲಗೆ ಹೊಳೆಯ ದಂಡೆಯಲ್ಲಿಟ್ಟು ಬರುತ್ತಾರೆ. ಪೋಲೀಸರಿಗೆ ಟೋಪಿ ಸಿಗುತ್ತದೆ. ಐದನೆಯದರಲ್ಲಿ ಸಣಕಲ ಜೈಲಿನಲ್ಲಿ ಸೂಪು ಕುಡಿಯುತ್ತಿದ್ದಾನೆ, ಗೆಳೆಯರಿಬ್ಬರೂ ಭಾನುವಾರ ಭಾನುವಾರ ಅವನಿಗೆ ಕೇಕು ಒಯ್ದು ಕೊಡುತ್ತಾರೆ. ಅವನು ಅದನ್ನು ಮೂರು ಪಾಲು ಮಾಡುತ್ತಾನೆ.

ಆರನೆಯ ರೀಲಿನ ಹೊತ್ತಿಗೆ ನಗುತ್ತಿದ್ದವರು ಯಾಕೆ ನಗುತ್ತಿದ್ದೇವೆ ಎಂದು ಒಬ್ಬರನ್ನೊಬ್ಬರು ನೋಡಿಕೊಳ್ಳುತ್ತಿದ್ದರು. ಬಾಗಿಲಲ್ಲಿ ಪ್ರಿನ್ಸಿಪಾಲರು ಜಗನ್ನಾಥನಿಗೆ, "ನಿಮ್ಮ ಮನಿಯವರು ಬಹಳ ಧೈರ್ಯಸ್ಥರು," ಎಂದರು. ಜಗನ್ನಾಥ ದಾರಿಯುದ್ದಕ್ಕೂ ನನ್ನ ಸೆರಗಿನ ತುದಿ ಹಿಡಿದುಕೊಂಡೇ ನಡೆದ, ಕತ್ತಲಿತ್ತೆಂದು. ನನಗಿಂತ ಸುಖಿ ಈ ಜಿಲ್ಲೆಯಲ್ಲಿ ಯಾರೂ ಇರಲಾರರು.

೨೦ ನವೆಂಬರ್, ಸೋಮವಾರ

ನಿನ್ನೆ ದೇವದುರ್ಗ. ಜೀಪಿನ ಹಿಂಬದಿಯಲ್ಲಿ ಮೆಷಿನ್, ಡಬ್ಬಿಗಳು, ನಾವು ನಾಲ್ವರು. ನನ್ನ ಕೂದಲಿನಲ್ಲಿ ಇನ್ನೂ ಧೂಳಿದೆ. ಸಾಹೇಬರ ಷರತ್ತಿನಂತೆ ಮೊದಲು ಹತ್ತಿಯ ಹುಳುವಿನ ಸರಕಾರಿ ಚಿತ್ರ ತೋರಿಸಬೇಕಿತ್ತು. ಶಾಲೆಯ ಅಂಗಳದಲ್ಲಿ ಕುಳಿತ ಮುನ್ನೂರು ಜನ ಅದನ್ನೂ ಅಷ್ಟೇ ಗಂಭೀರವಾಗಿ ನೋಡಿದರು.

ಹಳ್ಳಿಯವರಿಗೆ ತಿಳಿಯಲೆಂದು ಬೀಟ್‌ರೂಟನ್ನು ನಾನು ಕ್ಯಾರೆಟ್ಟು ಮಾಡಿ ಗಜ್ಜರಿ ಎಂದೆ. ಪೆಟ್ಟಿಗೆಗೆ ಗಜ್ಜರಿ ತುಂಬುವಾಗ ಹಿಂದಿನಿಂದ ಒಬ್ಬರು, "ಹೆಣದ ತೂಕಕ್ಕ ಎಷ್ಟು ಗಜ್ಜರಿ ಬೇಕಾತವ್ವಾ?" ಎಂದು ಕೇಳಿದರು. "ಸತ್ತವರು ದಪ್ಪ ಇದ್ರಪ್ಪಾ, ಮೂರು ಚೀಲ," ಎಂದೆ. ಈ ಮಾತು ಎಲ್ಲಿಂದ ಬಂತೋ ಕಾಣೆ. ಅಂಗಳವೆಲ್ಲ ನಕ್ಕಿತು.

ನಾಲ್ಕನೆಯ ರೀಲು ಟೋಪಿಯ ಹತ್ತಿರವೇ ಪಟ್ಟನೆ ಹರಿಯಿತು. ಉರುಕುಂದಪ್ಪನವರು ಹೇಗೋ ಕೈಯಿಂದ ಹಿಡಿದು ಓಡಿಸಿದರು. ಸರಿಯಾಗಿ ಅಂಟಿಸಿ ಗುರುವಾರ ತಂದುಕೊಡುತ್ತೇನೆ ಎಂದು ಆ ಒಂದು ಡಬ್ಬಿಯನ್ನು ಅವರೇ ಇಟ್ಟುಕೊಂಡರು. ಮುಂದಿನ ಭಾನುವಾರ ಮಾನ್ವಿಯ ಪ್ರದರ್ಶನ, ಆಮೇಲೆ ಮದ್ರಾಸಿಗೆ ವಾಪಸು.

ಬರುವಾಗ ಜೀಪಿನಲ್ಲಿ ಅವರು ಕೇಳಿದರು, "ಅಕ್ಕಾರ, ಜೈಲಿನಾಗ ಆ ಸಣಕಲ ಯಾಕ ಏನೂ ಅನ್ನಂಗಿಲ್ರಿ? ಟೋಪಿ ತಾ ಇಟ್ಟಿಲ್ಲಂತ ಅವಗ ಗೊತ್ತದಲ್ರಿ."

"ಹಾಳೆಯಲ್ಲಿ ಅದು ಬರೆದಿಲ್ಲ," ಎಂದೆ.

"ಬರದಿಟ್ಟಿದ್ರ ಚಲೋ ಇತ್ತು," ಎಂದರು.

ಒಂಬತ್ತು ವರ್ಷದಿಂದ ಅವರು ದಿನಗೂಲಿಯ ಮೇಲೆಯೇ ಇದ್ದಾರಂತೆ. ಈ ಡಿಸೆಂಬರಿನಲ್ಲಿ ಕಾಯಂ ಆಗುವವರ ಪಟ್ಟಿ ಬೆಂಗಳೂರಿಗೆ ಹೋಗುತ್ತದೆ, ಅದರಲ್ಲಿ ಅವರ ಹೆಸರು ಎರಡನೆಯದು. ಅವರ ಹಳ್ಳಿ ಕುರ್ಡಿಯಲ್ಲಿ ಅಪ್ಪ ಅವ್ವ ಇಬ್ಬರೂ ಕೂಲಿಗೆ ಹೋಗುತ್ತಾರೆ. ಹೆಂಡತಿ ಮಾನಮ್ಮ ಕ್ಯಾಲೆಂಡರಿನ ಮೇಲೆ ದಿನಾಲೂ ಒಂದು ಗೀಟು ಎಳೆಯುತ್ತಿದ್ದಾಳಂತೆ. "ಕಾಯಂ ಆದ ದಿನ ಆಕಿ ಕ್ಯಾಲೆಂಡರಕ್ಕ ಆರತಿ ಮಾಡ್ತಾಳ್ರಿ," ಎಂದರು. ಮೀರಾಹುಸೇನ, "ಕಾಯಂ ಆದಮ್ಯಾಲ ಇವ ನಮ್ಮನ್ನ ಗುರ್ತಾ ಹಿಡಿಯಂಗಿಲ್ಲ, ಈಗ ಎಷ್ಟು ಬೈತೀರಿ ಬೈದುಬಿಡ್ರಿ," ಎಂದ. ರಾಯಚೂರಿನ ದೀಪಗಳು ಕಾಣುವವರೆಗೂ ನಾವು ಅವರನ್ನು ಬೈದೆವು. ಎಂಥ ಗೆಳೆತನ ಇವರದು.

೨೩ ನವೆಂಬರ್, ಗುರುವಾರ

ಹೇಗೆ ಬರೆಯಲಿ ತಿಳಿಯುತ್ತಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಬೆಳಿಗ್ಗೆ ಎಂಟಕ್ಕೆ ಬಾಗಿಲು ತೆರೆದಾಗ ಕಟ್ಟೆಯ ಮೇಲೆ ನಾಲ್ಕನೆಯ ಡಬ್ಬಿ ಇತ್ತು. ಉರುಕುಂದಪ್ಪನವರು ನಸುಕಿನಲ್ಲೇ ಜೀಪಿನಲ್ಲಿ ಟೂರಿಗೆ ಹೋಗುವಾಗ ಇಟ್ಟು ಹೋಗಿದ್ದರು. ಕೂಗಿದ್ದರೂ ಪೂಜೆಯ ಗಂಟೆಯಲ್ಲಿ ನಮಗೆ ಕೇಳಿಸಿರಲಿಕ್ಕಿಲ್ಲ. ಡಬ್ಬಿ ಒಣಗಿತ್ತು, ಮುಚ್ಚಳ ಬಿಗಿಯಾಗಿತ್ತು. ತೆರೆದು ನೋಡಿದೆ. ಅಂಟಿಸಿದ ಜಾಗ ಹುಡುಕಿದರೂ ಸಿಗದಷ್ಟು ನೀಟಾಗಿತ್ತು.

ಅಲ್ಲಿಗೇ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಅಹಲ್ಯಾಬಾಯಿ ಅತ್ತೆ ಹಿತ್ತಲ ಪಡಸಾಲೆಯಲ್ಲಿ ಹೂ ಕಟ್ಟುತ್ತಾ ಕುಳಿತಿದ್ದರು. ಅವರು ಜಗನ್ನಾಥನ ಸೋದರತ್ತೆ. ಹದಿನಾರನೆಯ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ತಾಯಿಯಿಲ್ಲದ ಜಗನ್ನಾಥನನ್ನು ಎತ್ತಿ ಆಡಿಸಿ ಬೆಳೆಸಿದವರು. ಜನ್ಮದಲ್ಲಿ ಒಂದು ಸಿನಿಮಾ ನೋಡಿಲ್ಲ. ಮಡಿಯಲ್ಲಿದ್ದಾಗ ಅವರ ಹತ್ತಿರ ಯಾರೂ ಸುಳಿಯಬಾರದು. ಇವತ್ತು ಪೂಜೆ ಮುಗಿದಿತ್ತು, ಮುಖ ಹಗುರವಾಗಿತ್ತು. ಅವರಿಗೂ ಒಂದು ಸಂತೋಷ ತೋರಿಸಬೇಕೆಂದು ನನಗೆ ಆಸೆಯಾಯಿತು. ಡಬ್ಬಿಯನ್ನು ಒಯ್ದು, ಅಲ್ಲಿದ್ದ ಮಣೆಯ ಮೇಲಿಟ್ಟು, ರೀಲಿನ ತುದಿಯನ್ನು ಬಿಸಿಲಿಗೆ ಹಿಡಿದೆ.

"ಅಯ್ಯ, ಎಷ್ಟು ಸಣ್ಣ ಮನಷ್ಯಾರ ಭಾಗೀರಥಿ," ಎಂದು ಅತ್ತೆ ಒಂದು ಬೆರಳಿನಿಂದ ಮುಟ್ಟಿ ನಕ್ಕರು. ಭಾಗೀರಥಿ ಎಂಬುದು ಮದುವೆಯಲ್ಲಿ ಅಕ್ಕಿಯ ಮೇಲೆ ಬರೆದು ನನಗಿಟ್ಟ ಹೆಸರು, ಎರಡು ಸಲ ಕರೆದ ಮೇಲೆ ನನ್ನನ್ನೇ ಎಂದು ಹೊಳೆಯುತ್ತದೆ. ಅತ್ತೆ ನಕ್ಕದ್ದನ್ನು ನಾನು ಈ ಮನೆಯಲ್ಲಿ ಮೊದಲ ಸಲ ನೋಡಿದೆ. ಆ ಉತ್ಸಾಹದಲ್ಲಿ ಕಾನ್ವೆಂಟಿನ ಕೆಮಿಸ್ಟ್ರಿ ಎಲ್ಲ ಹೊರಗೆ ಬಂತು. ಈ ಚಿತ್ರ ಪಟ್ಟಿಗೆ ಹೇಗೆ ಅಂಟಿಕೊಂಡಿದೆ ಗೊತ್ತಾ ಅತ್ತೆ, ಜೆಲಟಿನ್ ಅಂತ ಒಂದು ಅಂಟು, ದನದ ಎಲುಬು ತೊಗಲು ಕುದಿಸಿ ಅದನ್ನು ತೆಗೆಯುತ್ತಾರೆ, ಎಂದೆ.

ಅತ್ತೆ ಬೆರಳು ಹಿಂದಕ್ಕೆ ತೆಗೆದುಕೊಂಡರು. ಆ ಬೆರಳನ್ನು ಬೇರೆಯವರದೆಂಬಂತೆ ನೋಡಿದರು.

"ಅದನ್ನ ಯಾವ ಮಣಿ ಮ್ಯಾಲೆ ಇಟ್ಟೀ?"

ನೈವೇದ್ಯದ ಮಣೆ. ನನಗೆ ತಿಳಿಯಲಿಲ್ಲ. ಅಷ್ಟರಲ್ಲಿ ಅಂಚೆಯವನು ಕರೆದ. ಅಮ್ಮನ ಕಾಗದ. ಡಬ್ಬಿಯನ್ನು ತೆರೆದಂತೆಯೇ ಬಿಟ್ಟು ಓಡಿಹೋಗಿ, ಬಾಗಿಲಲ್ಲಿ ನಿಂತು ಎರಡು ಸಲ ಓದಿದೆ.

ಮರಳಿ ಬಂದಾಗ ಬಾವಿಯ ರಾಟೆ ಇನ್ನೂ ಅಲುಗಾಡುತ್ತಿತ್ತು. ಅತ್ತೆ ಒದ್ದೆ ಸೀರೆಯಲ್ಲಿ ನಿಂತಿದ್ದರು. ಮಣೆ, ಡಬ್ಬಿ, ರೀಲು ಎಲ್ಲದರ ಮೇಲೂ, ಮುಟ್ಟದೆ, ಎತ್ತರದಿಂದ ನೀರು ಸುರಿದಿದ್ದರು.

"ಮೂರು ಕೊಡ ಹಾಕೀನಿ. ನಿನ್ನ ವಸ್ತು ಅಂತ ಹೊರಗ ಒಗೀಲಿಲ್ಲ. ಈಗ ನಡೀತದ, ಒಳಗ ಇಟ್ಟುಕೋ," ಎಂದರು. ಸಿಟ್ಟಿರಲಿಲ್ಲ. ನನಗಾಗಿ ಮಾಡಿದ ಉಪಕಾರವೆಂದೇ ಹೇಳಿದರು.

ರೀಲನ್ನು ಎತ್ತಿದೆ. ಹಾಲಿನ ಕೆನೆಯ ಹಾಗೆ ಚಿತ್ರಗಳು ಬೆರಳಿಗೆ ಬಂದವು.

೨೪ ನವೆಂಬರ್, ಶುಕ್ರವಾರ

ಬಿಸಿಲಿಗೆ ಹಾಕಿದ್ದು ಒಣಗಿ ಒಂದೇ ಗಟ್ಟಿ ಬಿಲ್ಲೆಯಾಗಿದೆ. ಎಲ್ಲಿಯೂ ಬಿಚ್ಚಿಕೊಳ್ಳುವುದಿಲ್ಲ.

ನಿನ್ನೆಯೇ ಜಗನ್ನಾಥನಿಗೆ ಎಲ್ಲ ಹೇಳಿದೆ. ಅವನು ಬೈಯುತ್ತಾನೆಂದು ಕಾದೆ. ಬೈಯಲಿಲ್ಲ. ಕುರ್ಚಿ ಎಳೆದುಕೊಂಡು ಕೂತ. ಅವನ ನೌಕರಿ ಇನ್ನೂ ಪ್ರೊಬೇಷನ್. ಚಿತ್ರಕ್ಕೆ ಸಹಿ ಮಾಡಿ ತರಿಸಿದವನು ಅವನೇ. ಹಾಳಾದರೆ ಹೇಗೆ ಹಾಳಾಯಿತೆಂದು ಮದ್ರಾಸಿಗೆ ಬರೆದುಕೊಡಬೇಕು, ಪ್ರಿನ್ಸಿಪಾಲರಿಗೂ ಗೊತ್ತಾಗುತ್ತದೆ.

"ಅತ್ತಿ ಹೆಸರು ಕಾಗದದಾಗ ಬರಬಾರದು," ಎಂದ. "ಮಂದಿ ನಗ್ತಾರ. ಆಕಿ ಜೀವಾ ಬಿಡ್ತಾಳ."

"ನನ್ನ ಹೆಸರು ಬರೆಯಿರಿ. ಡಬ್ಬಿ ತೆರೆದಿಟ್ಟವಳು ನಾನು."

"ನಿನ್ನ ಹೆಸರು ಬರದ್ರ ನಂದಾ ಬರದಂಗ."

ಸಂಜೆ ಅತ್ತೆ ನನ್ನನ್ನು ಕರೆದು, ಗಂಡನ ಹೆಸರನ್ನು ಹಿಂಗೆ ಹಾದಿಬೀದಿಯಲ್ಲಿ ಕೂಗಬಾರದು, ಅದರಿಂದಲೇ ಮನೆಗೆ ಇಂಥವು ಬರುತ್ತವೆ ಎಂದರು. ಇರಬಹುದು.

೨೫ ನವೆಂಬರ್, ಶನಿವಾರ

ಉರುಕುಂದಪ್ಪ ಟೂರಿನಿಂದ ಬಂದರು. ಮೀರಾಹುಸೇನನೂ ಬಂದ. ನಮ್ಮ ಮನೆಯವರು ಡಬ್ಬಿಯನ್ನು ಕಟ್ಟೆಯ ಮೇಲಿಟ್ಟು, "ಇದಕ್ಕ ನೀರು ಹತ್ತ್ಯದ," ಎಂದಷ್ಟೇ ಹೇಳಿದರು.

ಉರುಕುಂದಪ್ಪ ಮುಚ್ಚಳ ತೆಗೆದು ನೋಡಿ, ಹಾಗೇ ಮುಚ್ಚಿ, ಮತ್ತೆ ತೆಗೆದರು. ಬೆರಳ ಉಗುರಿನಿಂದ ತುದಿಯನ್ನು ಬಿಡಿಸಲು ನೋಡಿದರು. ಆಮೇಲೆ, "ಬುಧವಾರ ರಾತ್ರಿ ಇಬ್ಬನಿ ಭಾಳಿತ್ತೇನ್ರಿ?" ಎಂದು ಕೇಳಿದರು.

ಇವರು ಬಗ್ಗಿ ಚಪ್ಪಲಿ ಸರಿಮಾಡಿಕೊಂಡರು.

"ನಾ ನಸುಕಿನಾಗ ಇಟ್ಟು ಹೋದೆ. ಮುಚ್ಚಳ ಬಿಗಿ ಹಾಕಿದ್ದೆ ಅನಸ್ತದ. ಹಾಕಿದ್ದೆನೋ ಇಲ್ಲೋ. ಡ್ರೈವರ್ ಹಾರನ್ ಹೊಡಿಯಾಕತ್ತಿದ್ದ." ಅವರು ನನ್ನ ಕಡೆ ನೋಡಿದರು. "ನೀವು ತಗೊಂಡಾಗ ಹೆಂಗಿತ್ರಿ ಅಕ್ಕಾರ?"

ನಾನು ಇವರ ಮುಖ ನೋಡಿದೆ. ಇವರು ಓಣಿಯ ತುದಿಯನ್ನು ನೋಡುತ್ತಿದ್ದರು. ಒಳಗೆ ಅತ್ತೆ ಕೆಮ್ಮಿದರು.

"ನಾನು ನೋಡಲಿಲ್ಲ," ಎಂದೆ.

ಅವರು ತಮ್ಮ ಕೈಗಳಿಗೇ ಸಿಟ್ಟಾದವರಂತೆ ಎರಡೂ ಅಂಗೈಗಳನ್ನು ಧೋತರಕ್ಕೆ ಉಜ್ಜಿಕೊಂಡರು. ನಾನು ಚಹಾ ಮಾಡಿ ತಂದೆ. ಬಹಳ ಚೆನ್ನಾಗಿದೆ ಎಂದು ಕುಡಿದರು.

೨೭ ನವೆಂಬರ್, ಸೋಮವಾರ

ಮಾನ್ವಿಯ ಪ್ರದರ್ಶನ ರದ್ದು ಮಾಡೋಣ ಎಂದು ಮೀರಾಹುಸೇನ ಹೇಳಿದ್ದ. ಆದರೆ ಪೋಸ್ಟರು ಹಚ್ಚಿ ಆಗಿತ್ತು. ಐದು ರೀಲಿನಲ್ಲೇ ತೋರಿಸಿದೆವು. ನಾಲ್ಕನೆಯದರ ಜಾಗದಲ್ಲಿ ಉರುಕುಂದಪ್ಪ ದೀಪ ಹಾಕಿ, ಬಿಳಿ ಪರದೆಯನ್ನು ಹಾಗೇ ಬಿಟ್ಟರು. ನಾನು ಮೈಕ್ ಹಿಡಿದು ಕಥೆ ಹೇಳಬೇಕಾಯಿತು.

ಟೋಪಿಯ ಕಥೆಯನ್ನೇ ಹೇಳಬೇಕೆಂದು ಬಾಯಿ ತೆರೆದೆ. ಹೊರಗೆ ಬಂದದ್ದು ಬೇರೆ. ಗೆಳೆಯರಿಬ್ಬರಿಗೂ ಹೆಂಡಿರು ಮಕ್ಕಳಿದ್ದರು, ಸಣಕಲನಿಗೆ ಯಾರೂ ಇರಲಿಲ್ಲ, ಅವನು ತಾನಾಗಿಯೇ ಎದ್ದು ಪೋಲೀಸರ ಹತ್ತಿರ ಹೋಗಿ ತಪ್ಪು ನನ್ನದು ಎಂದ, ಎಂದು ಹೇಳಿದೆ. ಗೆಳೆಯರು ಬೇಡವೆಂದು ಕಾಲು ಹಿಡಿದರು, ಅವನು ಕೇಳಲಿಲ್ಲ, ಎಂದೂ ಸೇರಿಸಿದೆ. ಮುಂದೆ ಕುಳಿತಿದ್ದ ಮುದುಕಿಯೊಬ್ಬಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಐದನೆಯ ರೀಲಿನಲ್ಲಿ ಕೇಕಿನ ದೃಶ್ಯ ಬಂದಾಗ ಯಾರೂ ನಗಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು.

ಉರುಕುಂದಪ್ಪ ಮೆಷಿನಿನ ಹಿಂದಿನಿಂದ ಮೆಲ್ಲಗೆ, "ದೇವದುರ್ಗದಾಗ ಹಿಂಗ ಇದ್ದಿಲ್ಲಲ್ರಿ," ಎಂದರು.

ಜೀಪಿನಲ್ಲಿ ಇವರು, "ನೀ ಹೇಳಿದ ಕಥಿನೇ ಛಲೋ ಇತ್ತು," ಎಂದರು. ಗುರುವಾರದಿಂದ ಇವರು ನನ್ನ ಜೊತೆ ಮೃದುವಾಗಿ ಆಡಿದ ಮೊದಲ ಮಾತು ಇದು. ಉಳಿದ ದಾರಿಯಲ್ಲಿ ಯಾರೂ ಯಾರನ್ನೂ ಬೈಯಲಿಲ್ಲ.

೩೦ ನವೆಂಬರ್, ಗುರುವಾರ

ಕಾಗದ ಬರೆದದ್ದಾಯಿತು. ಇವರು ಹೇಳಿದರು, ನಾನು ಬರೆದೆ. ನನ್ನ ಅಕ್ಷರ ದುಂಡಗಿದೆ ಎಂದು, ಮತ್ತು ಇವರ ಅಕ್ಷರದಲ್ಲಿ ಇರಬಾರದು ಎಂದು. ಉರುಕುಂದಪ್ಪನ ಹೆಸರಿನಲ್ಲಿ, ಅವನೇ ಹೇಳಿಕೊಂಡಂತೆ. ಇಂಗ್ಲಿಷಿನಲ್ಲಿ.

ಮೊದಲು ಮೀರಾಹುಸೇನ ಜಗಳವಾಡಿದ. "ಅವನ ನೌಕರಿ ನೋಡೋ ಜಗನ್ಯಾ. ಪಟ್ಟಿ ಹೋಗೋ ಟೈಮ್ ಅದ."

"ಇದು ಮದ್ರಾಸಿಗೆ ಹೋಗೋ ಕಾಗದ. ಅವನ ಆಫೀಸಿಗೂ ಇದಕ್ಕೂ ಏನು ಸಂಬಂಧ?"

"ಹಂಗಾದ್ರ ನೀನಾ ಸಹಿ ಹಾಕು."

"ನಾ ಹಾಕಿದ್ರ ಯಾಕ ಹಾಳಾತು ಅಂತ ಕೇಳ್ತಾರ. ಅವ ಟೆಕ್ನಿಕಲ್ ಮನಷ್ಯಾ. ಅವ ಬರದ್ರ ಅಲ್ಲಿಗೇ ಮುಗೀತದ. ಅವನೇ ಅಂದನಲ್ಲ, ಮುಚ್ಚಳ ಹಾಕೀನೋ ಇಲ್ಲೋ ಅಂತ."

ಮೀರಾಹುಸೇನ ನನ್ನ ಕಡೆ ತಿರುಗಿ, "ಭಾಬಿ, ಖರೇನ ಇಬ್ಬನಿನಾ?" ಎಂದ. ನಾನು ಪೆನ್ನಿಗೆ ಇಂಕು ತುಂಬುತ್ತಿದ್ದೆ. ಅವನು ಚಹಾ ಕುಡಿಯದೆ ಹೋದ.

ಇವರು ಹೇಳಿದ ಇಂಗ್ಲಿಷ್ ಸ್ವಲ್ಪ ಒರಟಾಗಿತ್ತು. ನಾನು ಅಲ್ಲಲ್ಲಿ ತಿದ್ದಿದೆ. ಡಬ್ಬಿಯನ್ನು ಸರಿಯಾಗಿ ಇಡಲಿಲ್ಲ ಎಂಬ ಕಡೆ, 'ಇದು ಕೇವಲ ನನ್ನೊಬ್ಬನ ನಿರ್ಲಕ್ಷ್ಯದಿಂದ ಆಗಿದ್ದು, ಇದರ ಸಂಪೂರ್ಣ ಹೊಣೆ ನನ್ನದೇ' ಎಂಬ ಅರ್ಥ ಬರುವ ಒಂದು ವಾಕ್ಯ ಹಾಕಿದೆ. ಇಂಗ್ಲಿಷಿನಲ್ಲಿ ಅದು ತುಂಬ ಚೆನ್ನಾಗಿ ಕೂಡುತ್ತದೆ, ಉಸಿರು ತೆಗೆದುಕೊಳ್ಳುವ ಜಾಗವೂ ಸರಿಯಾಗಿದೆ. ಇವರು ಓದಿ, "ಇದಕ್ಕ ಅಂತಾರ ಕಾನ್ವೆಂಟ್," ಎಂದು ಭುಜ ತಟ್ಟಿದರು.

ಸಂಜೆ ಉರುಕುಂದಪ್ಪ ಬಂದ. ಕಟ್ಟೆಯ ಮೇಲೆ ಕೂತು ಕಾಗದವನ್ನು ತಲೆಕೆಳಗಾಗದಂತೆ ಎಚ್ಚರಿಕೆಯಿಂದ ಹಿಡಿದು, "ಏನಂತ ಬರದದ ಅಕ್ಕಾರ? ಸ್ವಲ್ಪ ಓದಿ ಹೇಳ್ರಿ. ನೀವು ಹೇಳಿದ್ರ ತಿಳೀತದ," ಎಂದ.

ಓದಿದೆ. ರೀಲು ರಿಪೇರಿಗೆ ಅವನ ಹತ್ತಿರ ಇದ್ದದ್ದು, ನಸುಕಿನಲ್ಲಿ ತಂದು ಕಟ್ಟೆಯ ಮೇಲೆ ಇಟ್ಟದ್ದು, ಆಮೇಲೆ ನೀರು ತಗಲಿದ್ದು ಕಂಡುಬಂದದ್ದು. ಎಲ್ಲ ಹೇಳಿದೆ. ನಿರ್ಲಕ್ಷ್ಯದ ವಾಕ್ಯ ಬಂದಾಗ ಕಣ್ಣು ತಾನಾಗಿಯೇ ಕೆಳಗಿನ ಸಾಲಿಗೆ ಇಳಿಯಿತು.

"ಅಷ್ಟೇನ್ರಿ?"

"ಅಷ್ಟೇ."

"ಖರೇ ಇದ್ದದ್ದೇ ಬರದೀರಿ," ಎಂದು ಕನ್ನಡದಲ್ಲಿ ತನ್ನ ಉದ್ದನೆಯ ಹೆಸರನ್ನು ಒಂದೊಂದೇ ಅಕ್ಷರವಾಗಿ ಬರೆದ. ಕೊನೆಗೆ ಒಂದು ಚುಕ್ಕಿ ಇಟ್ಟ.

ಆ ವಾಕ್ಯ ಕೇಳಿದ್ದರೆ ಅವನ ಮನಸ್ಸಿಗೆ ನೋವಾಗುತ್ತಿತ್ತು. ಸುಮ್ಮನೆ ಯಾಕೆ.

೯ ಡಿಸೆಂಬರ್, ಶನಿವಾರ

ಅತ್ತೆ ಇಂದು ನನ್ನ ಕೈಯಲ್ಲಿ ನೈವೇದ್ಯದ ಅನ್ನ ಮಾಡಿಸಿದರು. ಹಿತ್ತಲಿನಿಂದ "ಭಾಗೀರಥಿ" ಎಂದ ಕೂಡಲೇ ಓ ಎಂದೆ. ಅತ್ತೆ ನನಗೆಂದು ತರಿಸಿದ ಹಸಿರು ಇಳಕಲ್ಲ ಸೀರೆ ಬಂದಿದೆ. ಮದ್ರಾಸಿನಿಂದ ಉತ್ತರವಿಲ್ಲ. ಉತ್ತರ ಬರದಿದ್ದರೆ ಒಳ್ಳೆಯದೇ ಎಂದು ಇವರು ಹೇಳುತ್ತಾರೆ.

೨೬ ಡಿಸೆಂಬರ್, ಮಂಗಳವಾರ

ಮದ್ರಾಸಿನವರು ನಮ್ಮ ಕಾಗದದ ಪ್ರತಿಯನ್ನು ಮೆಷಿನ್ ಕೊಟ್ಟ ಕಚೇರಿಗೇ ಕಳಿಸಿದ್ದಾರಂತೆ. ಅದು ಅವರ ರೂಢಿಯಂತೆ. ನಮಗೆ ಹೇಗೆ ಗೊತ್ತಾಗಬೇಕು.

ಇವರಿಗೆ ರಾತ್ರಿ ಊಟ ಸೇರಲಿಲ್ಲ. ನನಗೂ.

೧೬ ಜನವರಿ ೧೯೭೯, ಮಂಗಳವಾರ

ಮಧ್ಯಾಹ್ನ ಆಪರೇಟರ್ ಬಂದ. ಮೂರು ವಾರದಿಂದ ಬಂದಿರಲಿಲ್ಲ. ಇವರು ಸಂಕ್ರಾಂತಿ ರಜೆಯಲ್ಲಿ ಮನೆಯಲ್ಲೇ ಇದ್ದರು. ಒಳಗೆ ಪುಸ್ತಕ ಹಿಡಿದು ಕುಳಿತವರು ಎದ್ದು ಬರಲಿಲ್ಲ.

ಅವನು ಮಡಿಸಿದ ಸರಕಾರಿ ಕಾಗದ ತೆಗೆದು ಕಟ್ಟೆಯ ಮೇಲಿಟ್ಟು ಸ್ವಲ್ಪ ಹಿಂದೆ ಸರಿದ. "ಓದ್ರಿ ಅಕ್ಕಾರ. ಆಫೀಸಿನಾಗ ಓದಿ ಹೇಳಿದ್ರು. ನನಗ ನಂಬಿಕಿ ಬರವಲ್ದು."

ಇಂಗ್ಲಿಷಿನಲ್ಲಿತ್ತು. ಅವನ ಹೆಸರನ್ನು ಕಾಯಂ ಪಟ್ಟಿಯಿಂದ ತೆಗೆಯಲಾಗಿದೆ, ದಿನಗೂಲಿಯನ್ನೂ ನಿಲ್ಲಿಸಲಾಗಿದೆ. ಕಾರಣವಾಗಿ ನನ್ನ ವಾಕ್ಯವನ್ನು ಉದ್ಧರಣ ಚಿಹ್ನೆಗಳ ನಡುವೆ ಇಟ್ಟಿದ್ದರು. ಒಂದು ಅಲ್ಪವಿರಾಮವೂ ತಪ್ಪಿರಲಿಲ್ಲ. ಈ ಸಲ ಎಲ್ಲವನ್ನೂ ಓದಿ ಹೇಳಿದೆ. ಆಫೀಸಿನವರು ಹೇಳಿಬಿಟ್ಟಿದ್ದರಲ್ಲ.

"ಹೌದ್ರಿ, ಅವರೂ ಹಂಗ ಓದಿದ್ರು," ಎಂದ. ಬೆವರು ಒರೆಸಿಕೊಂಡ. "ತಪ್ಪು ನಂದೇ ಒಬ್ಬಂದು ಅಂತ ನಾ ಬರದು ಕೊಟ್ಟೀನಂತ. ನಾ ಎಲ್ಲಿ ಬರದೀನ್ರಿ? ನೀವಾ ಓದಿ ಹೇಳಿದ್ರಿ. ಅದರಾಗ ಆ ಮಾತು ಇದ್ದಿಲ್ಲ. ಹಾದ್ಯಾಗ ಯಾರೋ ಸೇರಿಸ್ಯಾರ್ರಿ. ಮದ್ರಾಸಿನಾಗೋ, ಆಫೀಸಿನಾಗೋ. ಒಂಬತ್ತು ವರ್ಷ ಆತು, ನನ್ನ ಜಾಗಾಕ್ಕ ಕಣ್ಣಿಟ್ಟವರು ಇದ್ದಾರ."

ನಾನು ಕಾಗದವನ್ನು ಮಡಿಸಿದೆ.

"ಒಂದು ಅರ್ಜಿ ಬರದು ಕೊಡ್ರಿ. ಇಂಗ್ಲಿಷಿನಾಗ. ಉರುಕುಂದಪ್ಪಗ ನಾನಾ ಓದಿ ಹೇಳೀನಿ, ಆಗ ಆ ಮಾತು ಇದ್ದಿಲ್ಲ ಅಂತ ನೀವು ಬರದು ಸಹಿ ಹಾಕಿಕೊಟ್ರ ಸಾಕು. ಸಾಹೇಬ್ರು ಅಂದಾರ, ಕಲಿತವರ ಸಾಕ್ಷಿ ಇದ್ರ ಫೈಲು ತೆಗೆದು ನೋಡ್ತೀನಿ ಅಂತ. ಶನಿವಾರದ ತನಕ ಟೈಮ್ ಕೊಟ್ಟಾರ. ನನಗ ಕಲಿತವರು ಅಂದ್ರ ಮತ್ಯಾರು ಗೊತ್ತದಾರ್ರಿ, ನೀವು ಬಿಟ್ರ."

ಪೆನ್ನು ತರುತ್ತೇನೆ ಎಂದು ಒಳಗೆ ಬಂದೆ.

ನಡುಮನೆಯಲ್ಲಿ ಇವರು ನಿಂತಿದ್ದರು. ಎಲ್ಲ ಕೇಳಿಸಿಕೊಂಡಿದ್ದರು. ನನ್ನ ದಾರಿಗೆ ಅಡ್ಡ ಬರಲಿಲ್ಲ, ಸ್ವಲ್ಪ ಪಕ್ಕಕ್ಕೇ ಸರಿದು ಜಾಗ ಕೊಟ್ಟರು. ಬರೆದರೆ ಓದುವಾಗ ವಾಕ್ಯ ಬಿಟ್ಟವಳು ನಾನು ಎಂದಾಗುತ್ತದೆ. ಯಾಕೆ ಬಿಟ್ಟೆ ಎಂದು ಕೇಳುತ್ತಾರೆ. ಬರೆದದ್ದು ಯಾರ ಅಕ್ಷರ ಎಂದು ಕೇಳುತ್ತಾರೆ. ಅಲ್ಲಿಂದ ಬಾವಿಯ ತನಕ ಬರುತ್ತಾರೆ. ಅತ್ತೆ ಹಿತ್ತಲಲ್ಲಿ ಅಕ್ಕಿ ಆರಿಸುತ್ತಿದ್ದಾರೆ, ಅವರಿಗೆ ಇದಾವುದೂ ಗೊತ್ತೇ ಇಲ್ಲ. ಯಾರೂ ಅವರಿಗೆ ಹೇಳಲೂ ಇಲ್ಲ.

ಮೇಜಿನ ಮೇಲೆ ಒಂದು ಒಳ್ಳೆಯ ಹಾಳೆ ಇಟ್ಟುಕೊಂಡೆ. ತಾರೀಖು ಹಾಕಿದೆ. ಆಮೇಲೆ ಈ ನೋಟುಬುಕ್ಕಿನಲ್ಲಿ ಇದನ್ನು ಬರೆಯುತ್ತಾ ಕುಳಿತಿದ್ದೇನೆ. ಹೊರಗೆ ಅವನು ಕಾಯುತ್ತಿರುವುದು ಕಿಟಕಿಯಿಂದ ಕಾಣುತ್ತದೆ. ಚಪ್ಪಲಿ ಬಿಟ್ಟು, ಕೈಗಳನ್ನು ಮೊಣಕಾಲ ನಡುವೆ ಇಟ್ಟುಕೊಂಡು ಕೂತಿದ್ದಾನೆ.

ಈಗ ಇವರು ಹೊರಗೆ ಹೋದರು. ಮಾತು ಕೇಳಿಸುತ್ತಿದೆ.

"ಆಕಿಗೆ ಆರಾಮಿಲ್ಲಪ್ಪಾ. ತಲಿ ನೋವು ಅಂತ ಮಲ್ಕೊಂಡಾಳ."

"ಹೌದೇನ್ರಿ? ಈಗ ಚಲೋ ಇದ್ರಲ್ರಿ."

"ಒಮ್ಮಿಂದೊಮ್ಮೆಲೆ ಬರ್ತದ ಆಕಿಗೆ."

"ಆಗ್ಲಿರಿ, ಅವಸರಿಲ್ಲ, ನಾಳೆ ಬರ್ತೀನಿ. ಶನಿವಾರ ಇನ್ನೂ ದೂರ ಅದ." ಚಪ್ಪಲಿ ಮೆಟ್ಟಿದ ಸದ್ದು. ನಿಂತ. "ಮಾತ್ರಿ ಏನರ ತಂದು ಕೊಡ್ಲೇನ್ರಿ ಅಕ್ಕಾರಿಗೆ? ಇಲ್ಲೇ ಮೂಲ್ಯಾಗ ಅಂಗಡಿ ತೆಗದದ."

"ಬ್ಯಾಡ. ಮನ್ಯಾಗ ಅವ."

ಹಾಳೆಯ ಮೇಲೆ ಬರೀ ತಾರೀಖಿದೆ, ಹರಿದರೆ ದಂಡ. ಮಡಿಸಿ ಡ್ರಾಯರಿನಲ್ಲಿ ಇಟ್ಟಿದ್ದೇನೆ. ಸ್ವಲ್ಪ ಹೊತ್ತು ಮಲಗಬೇಕು. ಸುಳ್ಳಲ್ಲ, ಆಗಿನಿಂದ ಹಣೆಯ ಎಡಗಡೆ ಸಣ್ಣಗೆ ನೋಯುತ್ತಲೇ ಇದೆ.